ಸ್ಟಾಫ್ ನೊಟೇಶನ್ ಹಾಳೆಯಲ್ಲಿ ಡಿ.ಎಸ್. ಬಂದಾಗ ಎಲ್ಲಿಗೆ ಹೋಗಬೇಕು? ಬಾರ್ ಗೆರೆ, ರಿಪೀಟ್ ಗುರುತು ಗೊತ್ತಿರುವವರು ಹೇಳಿಕೊಡಿ

ಪಿಟೀಲು_ತುಮಕೂರು (ಸೋಮವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ನನ್ನ ಊರು ತುಮಕೂರು. ಒಂಬತ್ತು ವರ್ಷ ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತಿದ್ದೇನೆ. ಈಗ ಮೂರು ತಿಂಗಳಿಂದ ಇಲ್ಲೇ ಒಂದು ಸಣ್ಣ ವಾದ್ಯವೃಂದಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಐದು ಗೆರೆಯ ಸ್ಟಾಫ್ ನೊಟೇಶನ್ ನೋಡಿಯೇ ನುಡಿಸಬೇಕು. ಯಾವ ಗೆರೆ ಯಾವ ಸ್ವರ ಅನ್ನುವುದು ಕಷ್ಟಪಟ್ಟ ಮೇಲೆ ಕೈಗೆ ಬಂತು. ಈಗ ಸ್ವರ ತಪ್ಪುತ್ತಿಲ್ಲ, ದಾರಿ ತಪ್ಪುತ್ತಿದೆ.

ನಿನ್ನೆ ಪ್ರಾಕ್ಟೀಸ್ ಇತ್ತು. 4/4ರಲ್ಲಿ, ಅಂದರೆ ಬಾರಿಗೆ ನಾಲ್ಕು ಪೆಟ್ಟು, 26 ಬಾರ್‌ಗಳ ಒಂದು ತುಣುಕು. (ನಿಂತ ಗೆರೆಗಳ ನಡುವಿನ ಒಂದೊಂದು ಮನೆಗೆ ಬಾರ್ ಅನ್ನುತ್ತಾರೆ.) ಹಾಳೆ ಹೀಗಿದೆ. 1ರಿಂದ 4 ಪೀಠಿಕೆ. 5ನೇ ಬಾರ್ ಶುರುವಿನಲ್ಲಿ ದಪ್ಪ ಗೆರೆ, ಪಕ್ಕದಲ್ಲಿ ಎರಡು ಚುಕ್ಕೆ, ತಲೆಯ ಮೇಲೆ ಎಸ್ ಅಕ್ಷರವನ್ನು ಓರೆ ಗೆರೆಯಿಂದ ಸೀಳಿದಂಥ ಒಂದು ಗುರುತು. 11 ಮತ್ತು 12ರ ಮೇಲೆ '1.' ಅಂತ ಬರೆದ ಬ್ರಾಕೆಟ್, 12ರ ಕೊನೆಗೆ ಮತ್ತೆ ಚುಕ್ಕೆ, ದಪ್ಪ ಗೆರೆ. 13, 14ರ ಮೇಲೆ '2.' ಅಂತ ಬ್ರಾಕೆಟ್. 14ರ ಕೊನೆಗೆ 'ಟು ಕೋಡಾ'. 22ರ ಕೊನೆಗೆ 'ಡಿ.ಎಸ್. ಅಲ್ ಕೋಡಾ'. 23ರಿಂದ 26ರವರೆಗೆ ಕೋಡಾ, ಅಂದರೆ ಮುಗಿಸುವ ಭಾಗ.

ನಾನು 5ರಿಂದ 12 ನುಡಿಸಿದೆ, ಹಿಂದೆ ಬಂದು ಮತ್ತೆ 5ರಿಂದ 12 ನುಡಿಸಿದೆ, ಆಮೇಲೆ 13ಕ್ಕೆ ಹೋದೆ. ಅಷ್ಟರಲ್ಲಿ ಉಳಿದವರೆಲ್ಲ ನನಗಿಂತ ಎರಡು ಬಾರ್ ಮುಂದೆ ಇದ್ದರು. ಹೇಗೋ ಸೇರಿಕೊಂಡೆ. ಕೊನೆಗೆ ಡಿ.ಎಸ್. ಬಂದಾಗ 5ಕ್ಕೆ ಹೋದೆ, 12ರ ಚುಕ್ಕೆ ಕಂಡಿತು, ಮತ್ತೆ 5ಕ್ಕೆ ಹೋದೆ. ನಾನಿನ್ನೂ ನುಡಿಸುತ್ತಲೇ ಇದ್ದೆ, ಎಲ್ಲರೂ ಮುಗಿಸಿ ಕಮಾನು ಕೆಳಗಿಟ್ಟಿದ್ದರು. ಸರ್ ಬೈಯಲಿಲ್ಲ. "ಮನೆಯಲ್ಲಿ ನೋಡಿಕೊಂಡು ಬನ್ನಿ" ಅಂದರು ಅಷ್ಟೆ. ಅದೇ ಜಾಸ್ತಿ ನೋವಾಯಿತು.

ಇನ್ನೊಂದು ಗೊಂದಲವೂ ಇದೆ. ಬಾರ್ ಅಂದರೆ ನಮ್ಮ ಆವರ್ತನವಾ, ತಾಳದ ಒಂದು ಪೂರ್ತಿ ಸುತ್ತಾ? ನಾನು ಪ್ರತಿ ಗೆರೆ ದಾಟಿದ ತಕ್ಷಣ ಸಮ (ತಾಳದ ಮೊದಲ ಪೆಟ್ಟು) ಬಂದ ಹಾಗೆ ಒತ್ತು ಕೊಡುತ್ತಿದ್ದೇನೆ. ತುಂಡು ತುಂಡಾಗಿ ಕೇಳಿಸುತ್ತಿದೆ ಅಂತ ಪಕ್ಕದಲ್ಲಿ ಕೂರುವವರು ಹೇಳಿದರು. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಭಾನುವಾರದ ಹೊತ್ತಿಗೆ ಸರಿಯಾಗಬೇಕು.

ಕ್ಲಾರಿನೆಟ್_ಕೋಲಾರ (ಸೋಮವಾರ, ರಾತ್ರಿ 10:35)

ನೋಡಮ್ಮ, ಇದು ಎಲ್ಲರಿಗೂ ಆಗುವುದೇ. ಹದಿನೆಂಟು ವರ್ಷದಿಂದ ಶಾಲೆ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತಿದ್ದೇನೆ, ಪ್ರತಿ ವರ್ಷ ಹೊಸ ಮಕ್ಕಳು ಇದೇ ಎರಡು ಜಾಗದಲ್ಲಿ ಎಡವುತ್ತಾರೆ.

ಮೊದಲು ಚುಕ್ಕೆ. ಐದು ಗೆರೆಯ ನಡುವೆ ನಾಲ್ಕು ಸಂದು ಇರುತ್ತವಲ್ಲ, ಅದರಲ್ಲಿ ಮಧ್ಯದ ಎರಡು ಸಂದಿನಲ್ಲಿ ಈ ಚುಕ್ಕೆ ಇಡುತ್ತಾರೆ. ಚುಕ್ಕೆ ಗೆರೆಯ ಯಾವ ಪಕ್ಕದಲ್ಲಿದೆ ನೋಡಿ. ಆ ಪಕ್ಕದಲ್ಲಿರುವ ಸಂಗೀತವೇ ಎರಡು ಸಲ ಬರಬೇಕಾದದ್ದು. ನಿಮ್ಮ 5ರಲ್ಲಿ ಚುಕ್ಕೆ ಬಲಕ್ಕಿದೆ, ಅಂದರೆ ಇಲ್ಲಿಂದ ಶುರು. 12ರಲ್ಲಿ ಚುಕ್ಕೆ ಎಡಕ್ಕಿದೆ, ಅಂದರೆ ಇಲ್ಲಿವರೆಗೆ. ಕೆಲವು ಹಾಳೆಯಲ್ಲಿ ಕೊನೆಯ ಚುಕ್ಕೆ ಮಾತ್ರ ಇರುತ್ತೆ, ಶುರುವಿನ ಚುಕ್ಕೆ ಎಲ್ಲೂ ಕಾಣುವುದಿಲ್ಲ. ಹಾಗಿದ್ದರೆ ಹಾಡಿನ ಮೊದಲಿಗೇ ಹೋಗಬೇಕು.

ಎರಡನೆಯದು ಬ್ರಾಕೆಟ್. ನಾವು ಬ್ಯಾಂಡಿನವರು ಫಸ್ಟ್ ಟೈಮ್ ಬಾರ್, ಸೆಕೆಂಡ್ ಟೈಮ್ ಬಾರ್ ಅನ್ನುತ್ತೇವೆ. ಹೆಸರಲ್ಲೇ ಅರ್ಥ ಇದೆ. '1.' ಅಂತ ಇರುವುದನ್ನು ಮೊದಲ ಸಲ ಮಾತ್ರ ನುಡಿಸಬೇಕು. ಎರಡನೇ ಸಲ ಬಂದಾಗ 10ನೇ ಬಾರ್ ಮುಗಿದ ತಕ್ಷಣ 11, 12 ಹಾಳೆಯಲ್ಲೇ ಇಲ್ಲ ಅಂದುಕೊಂಡು ಕಣ್ಣು ನೇರ 13ಕ್ಕೆ ಹಾರಬೇಕು. ನೀವು ಎರಡನೇ ಸಲವೂ 11, 12 ನುಡಿಸಿ ಆಮೇಲೆ 13ಕ್ಕೆ ಹೋದಿರಿ. ನೀವು ಎರಡು ಬಾರ್ ಹಿಂದೆ ಉಳಿದದ್ದು ಅದಕ್ಕೇ. ಲೆಕ್ಕ ಸರಿ ಹೋಯಿತಲ್ವಾ?

ಇನ್ನು ಡಿ.ಎಸ್. 'ಡಾಲ್ ಸೆನ್ಯೋ' ಅನ್ನುವುದರ ಸಂಕ್ಷೇಪ ಅದು, ಇಟಾಲಿಯನ್ ಮಾತು, 'ಗುರುತಿನಿಂದ' ಅಂತ ಅರ್ಥ. ಸೀಳಿದ ಎಸ್ ಇದೆ ಅಂದಿರಲ್ಲ, ಅದೇ ಆ ಗುರುತು. ಅಲ್ಲಿಗೆ ಹೋಗಿ ಮತ್ತೆ ನುಡಿಸುತ್ತಾ ಬರಬೇಕು, ಆದರೆ ಈ ಸುತ್ತಿನಲ್ಲಿ ಒಳಗಿನ ರಿಪೀಟ್ ಮಾಡುವುದಿಲ್ಲ. ಸೆಕೆಂಡ್ ಟೈಮ್ ಬಾರ್ ಹಿಡಿದು, 'ಟು ಕೋಡಾ' ಬಂದ ಕೂಡಲೇ 23ಕ್ಕೆ ಜಿಗಿತ.

ನಿಮ್ಮ ತುಣುಕಿನ ಪೂರ್ತಿ ದಾರಿ ಹೀಗಾಗುತ್ತೆ: 1–4, 5–12, 5–10, 13–22, 5–10, 13–14, 23–26. ಕೂಡಿಸಿ ನೋಡಿ. 4, 8, 6, 10, 6, 2, 4. ಹಾಳೆಯಲ್ಲಿ 26 ಬಾರ್, ನುಡಿಸುವುದು 40. ಬಾರಿಗೆ 4 ಪೆಟ್ಟು, ಒಟ್ಟು 160. ನಿಮಿಷಕ್ಕೆ 80 ಪೆಟ್ಟಿನ ವೇಗ ಹಿಡಿದರೆ ಸರಿಯಾಗಿ 2 ನಿಮಿಷ. ಡಿ.ಎಸ್. ಆದಮೇಲೂ ರಿಪೀಟ್ ಮಾಡಿದರೆ ಇನ್ನೂ 8 ಬಾರ್ ಸೇರುತ್ತೆ, ಅಂದರೆ 24 ಸೆಕೆಂಡ್. ಅಷ್ಟು ಹೊತ್ತು ನೀವೊಬ್ಬರೇ ನುಡಿಸುತ್ತಾ ಇರಬೇಕಾಗುತ್ತೆ.

ಪಿಟೀಲು ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಹಾಳೆಯನ್ನು ಮೇಜಿನ ಮೇಲೆ ಹರಡಿ, ಬಾಯಲ್ಲಿ 1 2 3 4 ಎಣಿಸುತ್ತಾ, ಬೆರಳನ್ನು ಬಾರಿನಿಂದ ಬಾರಿಗೆ ನಡೆಸಿ. ಸ್ವರ ಬೇಡ. ಮೂರು ಸಲ ಬೆರಳು ನಿಲ್ಲದೆ ಕೊನೆ ಮುಟ್ಟಿದರೆ ಆಮೇಲೆ ವಾದ್ಯ ಹಿಡಿಯಿರಿ. ನಾನು ಮಕ್ಕಳಿಗೆ ಈ ಪರೀಕ್ಷೆ ಮಾಡಿದ ಮೇಲೇ ವಾದ್ಯ ಕೊಡುವುದು.

ಶಿಡ್ಲಘಟ್ಟ_ಶ್ರುತಿ (ಮಂಗಳವಾರ, ಬೆಳಿಗ್ಗೆ 6:20)

ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನಾನು ಹಾಡುಗಾರಿಕೆ ಪಾಠ ಮಾಡುವವಳು, ಸ್ಟಾಫ್ ನೊಟೇಶನ್ ನಡು ವಯಸ್ಸಿನಲ್ಲಿ ಕಲಿತೆ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತೆ.

ಬಾರ್ ಆವರ್ತನ ಅಲ್ಲ. ಸರಳೆ ವರಸೆ ಬರೆಯುವುದು ನೆನಪು ಮಾಡಿಕೊಳ್ಳಿ.

ಸ ರಿ ಗ ಮ | ಪ ದ | ನಿ ಸ ||

ಆದಿ ತಾಳ, ಒಂದು ಲಘು, ಎರಡು ದ್ರುತ. ನಾಲ್ಕು, ಎರಡು, ಎರಡು. ನಮ್ಮ ಒಂಟಿ ಗೆರೆ ಒಂದು ಅಂಗ ಮುಗಿಯಿತು ಅನ್ನುತ್ತದೆ, ಜೋಡಿ ಗೆರೆ ಆವರ್ತನ ಮುಗಿಯಿತು ಅನ್ನುತ್ತದೆ. ಗೆರೆಗಳ ನಡುವಿನ ಮನೆಗಳು ಒಂದೇ ಅಳತೆಯವಲ್ಲ. ರೂಪಕದ ಅಲಂಕಾರದಲ್ಲಿ ಇನ್ನೂ ಸ್ಪಷ್ಟ: ಸ ರಿ | ಸ ರಿ ಗ ಮ ||. ಎರಡರ ಮನೆ, ನಾಲ್ಕರ ಮನೆ.

ಅವರ ಪದ್ಧತಿಯಲ್ಲಿ ಹಾಗಿಲ್ಲ. ಮೇಲೆ 4/4 ಅಂತ ಬರೆದರೆ, ಅದನ್ನು ಬದಲಾಯಿಸುವವರೆಗೆ ಪ್ರತಿ ಮನೆಗೂ ನಾಲ್ಕೇ. ಲಘು ದ್ರುತ ಅನ್ನುವ ಅಂಗಗಳ ವಿಚಾರವೇ ಅಲ್ಲಿಲ್ಲ. ಲೆಕ್ಕಕ್ಕೆ ಬೇಕಾದರೆ ನಮ್ಮ ಆದಿಯ ಒಂದು ಆವರ್ತನ ಅವರ ಎರಡು ಬಾರ್ ಅಂತ ಇಟ್ಟುಕೊಳ್ಳಬಹುದು, ಎಣಿಸುವುದಕ್ಕೆ ಅನುಕೂಲ. ಮತ್ತೆ ಅವರ ಜೋಡಿ ಗೆರೆಯನ್ನು ಆವರ್ತನ ಮುಗಿಯಿತು ಅಂತ ಓದಬೇಡಿ. ಎರಡು ತೆಳು ಗೆರೆ ಬಂದರೆ ಹಾಡಿನ ಒಂದು ಭಾಗ ಮುಗಿಯಿತು, ಒಂದು ತೆಳು ಒಂದು ದಪ್ಪ ಬಂದರೆ ಹಾಡೇ ಮುಗಿಯಿತು.

ಒತ್ತಿನ ವಿಷಯ. 4/4ರಲ್ಲಿ ಮೊದಲ ಪೆಟ್ಟಿಗೆ ಸ್ವಲ್ಪ ತೂಕ ಇರುವುದು ನಿಜ, ಮೂರನೆಯದಕ್ಕೆ ಅದಕ್ಕಿಂತ ಕಡಿಮೆ. ಆದರೆ ಅದು ಕೇಳುವವರಿಗೆ ನಡೆ ತಿಳಿಯುವಷ್ಟು ಇದ್ದರೆ ಸಾಕು. ನಾವು ಕೃತಿ ಹಾಡುವಾಗ ಪ್ರತಿ ದ್ರುತಕ್ಕೂ ಸಾಹಿತ್ಯವನ್ನು ಕಡಿಯುತ್ತೇವಾ? ಇಲ್ಲವಲ್ಲ. ತಾಳ ಕೈಯಲ್ಲಿ ನಡೆಯುತ್ತೆ, ರಾಗ ಅದರ ಮೇಲೆ ಹರಿಯುತ್ತೆ. ಗೆರೆ ಇರುವುದು ಕಣ್ಣಿಗೆ, ಕಮಾನಿಗೆ ಅಲ್ಲ. ಎಷ್ಟೋ ಸಲ ಒಂದೇ ಸ್ವರ ಗೆರೆ ದಾಟಿ ಆಚೆ ಮನೆಗೂ ಹೋಗುತ್ತೆ, ಆಗ ಎರಡು ಸ್ವರದ ನಡುವೆ ಬಾಗಿದ ಗೆರೆ ಹಾಕಿರುತ್ತಾರೆ, ಟೈ ಅನ್ನುತ್ತಾರೆ. ನಾವು ಸ್ವರ ಎಳೆಯುವ ಕಾರ್ವೆಗೆ ಅಲ್ಪ ವಿರಾಮ, ಅರ್ಧ ವಿರಾಮದ ಚಿಹ್ನೆ ಹಾಕುತ್ತೇವಲ್ಲ, ಕೆಲಸ ಅದೇ.

ಹಿಂದಕ್ಕೆ ಹೋಗುವುದೂ ನಿಮಗೆ ಆಗಲೇ ಗೊತ್ತಿದೆ, ಹೆಸರು ಮಾತ್ರ ಬೇರೆ. ದಾಸರ ಪದಗಳ ಪುಸ್ತಕ ಯಾವುದಾದರೂ ತೆಗೆಯಿರಿ. ಪಲ್ಲವಿ ಒಂದೇ ಸಲ ಅಚ್ಚಾಗಿರುತ್ತೆ. ಪ್ರತಿ ಚರಣ ಮುಗಿದ ಮೇಲೆ ಪಲ್ಲವಿಗೆ ಹೋಗಬೇಕು ಅಂತ ಯಾರೂ ಹೇಳಬೇಕಿಲ್ಲ, ಕೆಲವರು ||ಪ|| ಅಂತ ಬರೆದಿರುತ್ತಾರೆ, ಕೆಲವರು ಪಲ್ಲವಿಯ ಮೊದಲ ಪದ ಮಾತ್ರ ಹಾಕಿ ಬಿಟ್ಟಿರುತ್ತಾರೆ. ಕೊನೆಯ ಚರಣ ಆದಮೇಲೂ ಪಲ್ಲವಿಗೇ ಬಂದು ಅಲ್ಲೇ ನಿಲ್ಲಿಸುತ್ತೇವೆ. ಇದನ್ನೇ ಅವರು 'ಡಿ.ಸಿ. ಅಲ್ ಫೀನೆ' ಅನ್ನುವುದು. ಡ ಕಾಪೋ ಅಂದರೆ ತಲೆಯಿಂದ. ಫೀನೆ ಅಂದರೆ ಮುಗಿತಾಯ. ತಲೆಗೆ ಹೋಗು, ಫೀನೆ ಅಂತ ಬರೆದಲ್ಲಿ ನಿಲ್ಲು. ಆ ಫೀನೆ ಹಾಳೆಯ ಕೊನೆಯಲ್ಲಿ ಇರುವುದಿಲ್ಲ, ನಡುವೆ ಎಲ್ಲೋ ಇರುತ್ತೆ, ನಮ್ಮ ಪಲ್ಲವಿಯ ಕೊನೆಯ ಹಾಗೆ.

ಡಿ.ಎಸ್.ಗೆ ವರ್ಣ ಅನ್ನುವ ರಚನೆ ನೋಡಿ. ಚರಣದ ಸಾಲಿನ ನಂತರ ಬರುವ ಒಂದೊಂದು ಸ್ವರಗುಚ್ಛ (ಎತ್ತುಗಡೆ ಸ್ವರ) ಆದಮೇಲೂ ವರ್ಣದ ಪಲ್ಲವಿಗೆ ಹೋಗುತ್ತೇವಾ? ಇಲ್ಲ, ಚರಣದ ಸಾಲಿಗೆ ಹೋಗುತ್ತೇವೆ. ತಲೆಗಲ್ಲ, ನಡುವೆ ಗುರುತು ಇಟ್ಟ ಜಾಗಕ್ಕೆ. ಒಂಬತ್ತು ವರ್ಷದಿಂದ ನೀವು ಡಿ.ಎಸ್. ಮಾಡುತ್ತಲೇ ಇದ್ದೀರಿ.

ಪ್ಯಾಡ್_ಗೌರಿಬಿದನೂರು (ಮಂಗಳವಾರ, ಮಧ್ಯಾಹ್ನ 1:15)

ನಾನು ಮದುವೆ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ನುಡಿಸುತ್ತೇನೆ. ಕ್ಲಾರಿನೆಟ್ ಅಣ್ಣ ಹೇಳಿದ ಒಂದು ಮಾತು ನನಗೆ ಒಪ್ಪಿಗೆ ಇಲ್ಲ. ಡಿ.ಎಸ್. ಹೋದಮೇಲೂ ಹಾಳೆಯಲ್ಲಿ ಚುಕ್ಕೆ ಇದೆ ಅಂದಮೇಲೆ ರಿಪೀಟ್ ಮಾಡಲೇಬೇಕು. ಬರೆದವರು ಸುಮ್ನೆ ಬರೆದಿರುತ್ತಾರಾ? ನಮ್ಮ ತಂಡದಲ್ಲಿ ನಾವು ಮಾಡುತ್ತೇವೆ.

ಇನ್ನೊಂದು ಮಾತು, ಹಾಳೆ ಹಾಳೆ ಅಂತ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ತಮಟೆ ಬಾರಿಸಿಯೇ 2023ರಲ್ಲಿ ಪದ್ಮಶ್ರೀ ತಗೊಂಡರು. ತಮಟೆಗೆ ಎಲ್ಲಿ ಹಾಳೆ? ಕಿವಿ, ಕಣ್ಣು, ಎದುರಿನವರ ಸನ್ನೆ, ಅಷ್ಟರಲ್ಲೇ ಪೆಟ್ಟು ಬದಲಾಗುತ್ತೆ.

ಹಾಳೆ ಕೊಟ್ಟಾಗ ನನಗೆ ಇಷ್ಟವಾಗುವ ಗುರುತು ಒಂದಿದೆ. ಬಾರಿನ ಮಧ್ಯೆ ಶೇಕಡಾ ಚಿಹ್ನೆಯ ಹಾಗೆ ಓರೆ ಗೆರೆ, ಎರಡು ಕಡೆ ಚುಕ್ಕೆ. ಹಿಂದಿನ ಬಾರ್ ಏನಿತ್ತೋ ಅದೇ ಇನ್ನೊಂದು ಸಲ ಅಂತ ಅರ್ಥ. ಓರೆ ಗೆರೆ ಎರಡಿದ್ದು ಬಾರ್ ಗೆರೆಯ ಮೇಲೇ ಕೂತಿದ್ದರೆ, ಮೇಲೆ 2 ಅಂತ ಇದ್ದರೆ, ಹಿಂದಿನ ಎರಡು ಬಾರ್ ಒಟ್ಟಿಗೆ. ತಾಳವಾದ್ಯದವರಿಗೆ ಇಡೀ ಪುಟ ಇದೇ ಇರುತ್ತೆ.

ಅಕ್ಕನಿಗೆ ಇನ್ನೂ ಒಂದು ಹೇಳಬೇಕು. ದಪ್ಪನೆ ಅಡ್ಡ ಪಟ್ಟಿ, ಅದರ ಮೇಲೆ 8 ಅಂತ ಬಂದರೆ 8 ಬಾರ್ ಸುಮ್ಮನಿರಬೇಕು ಅಂತ. ನಾವು ಎಣಿಸುವುದು ಹೀಗೆ: ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು. ಮೊದಲ ಅಂಕಿ ಎಷ್ಟನೇ ಬಾರ್ ಅಂತ ಹೇಳುತ್ತೆ. ನಿಮಗೆ ಆದಿ ತಾಳ ರೂಢಿ ಇದೆಯಲ್ಲ, ತೊಡೆಯ ಮೇಲೆ ನಾಲ್ಕು ಆವರ್ತನ ಹಾಕಿ, 8 ಬಾರ್ ಮುಗಿಯುತ್ತೆ.

ಕ್ಲಾರಿನೆಟ್_ಕೋಲಾರ (ಮಂಗಳವಾರ, ಸಂಜೆ 7:05)

ತಮ್ಮಾ, ತಮಟೆಯ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಅಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾರಿಸುತ್ತಾರೆ. ಇಪ್ಪತ್ತು ಜನ ಇಪ್ಪತ್ತು ಬೇರೆ ಬೇರೆ ಸಾಲು ನುಡಿಸುವಾಗ, ಅದರಲ್ಲೂ ಅರ್ಧ ಜನ ಇವತ್ತೇ ಮೊದಲ ಸಲ ಆ ಹಾಡು ನೋಡುತ್ತಿರುವಾಗ, ಹಾಳೆ ಬೇಕು.

ರಿಪೀಟ್ ವಿಷಯಕ್ಕೆ ಬರುತ್ತೇನೆ. ಹಳೆಯ ಯುರೋಪಿನ ಮಿನುಯೆಟ್‌ಗಳಲ್ಲಿ ಈ ರೂಢಿ ಚೆನ್ನಾಗಿ ಕಾಣುತ್ತೆ. ಮೊದಲು ಮಿನುಯೆಟ್, ಒಳಗಿನ ರಿಪೀಟ್‌ಗಳ ಸಮೇತ. ಆಮೇಲೆ ಟ್ರಿಯೋ ಅನ್ನುವ ನಡುಭಾಗ. ಅದು ಮುಗಿದ ಮೇಲೆ ಡ ಕಾಪೋ, ಮತ್ತೆ ಮಿನುಯೆಟ್, ಈ ಸಲ ರಿಪೀಟ್ ಇಲ್ಲದೆ. ಮಾರ್ಚ್‌ಗಳಲ್ಲೂ ನಾವು ಹಾಗೆಯೇ ನುಡಿಸುವುದು. ಬರೆದವರಿಗೆ ಆಗಲೂ ರಿಪೀಟ್ ಬೇಕಿದ್ದರೆ ಡಿ.ಎಸ್. ಪಕ್ಕದಲ್ಲೇ 'ರಿಪೀಟ್ ಸಹಿತ' ಅಂತ ಬೇರೆಯಾಗಿ ಬರೆಯುತ್ತಾರೆ. ಏನೂ ಬರೆದಿಲ್ಲ ಅಂದರೆ ಬೇಡ ಅಂತಲೇ ಹಿಡಿಯಬೇಕು. ಆದರೆ ಇದು ರೂಢಿ. ತಂಡ ನಡೆಸುವವರು ಬೇರೆ ಹೇಳಿದರೆ ಅವರ ಮಾತೇ ನಡೆಯುತ್ತೆ, ನಿಮ್ಮ ತಂಡದಲ್ಲಿ ನಡೆಯುತ್ತಿರುವುದೂ ಅದೇ. ಈ ಅಮ್ಮನ ಹಾಳೆಯಲ್ಲಿ ಸೆಕೆಂಡ್ ಟೈಮ್ ಬಾರಿನ ಕೊನೆಗೇ 'ಟು ಕೋಡಾ' ಇಟ್ಟಿದ್ದಾರೆ. ಉಳಿದವರು ನೇರ ಅಲ್ಲಿಗೆ ಹೋಗಿ ಮುಗಿಸಿದರು ಅಂದಮೇಲೆ ಅವರ ಸರ್ ರೂಢಿಯನ್ನೇ ಹಿಡಿದಿದ್ದಾರೆ.

ಪ್ಯಾಡ್_ಗೌರಿಬಿದನೂರು (ಮಂಗಳವಾರ, ರಾತ್ರಿ 8:30)

ಸರಿ ಅಣ್ಣ, ಒಪ್ಪಿದೆ. ನಮ್ಮ ಕೀಬೋರ್ಡ್ ಅವರನ್ನು ಈಗ ಫೋನ್ ಮಾಡಿ ಕೇಳಿದೆ. ಅವರೂ ಅದನ್ನೇ ಹೇಳಿದರು, ನಮ್ಮಲ್ಲಿ ಹಾಡು ಉದ್ದ ಬೇಕು ಅಂತ ರಿಪೀಟ್ ಇಟ್ಟುಕೊಂಡಿದ್ದಾರಂತೆ. ಮದುವೆಯಲ್ಲಿ ಇನ್ನೊಂದು ನಡೆಯುತ್ತೆ. ನಾಲ್ಕು ಬಾರ್‌ಗೆ ಎರಡು ಕಡೆ ಚುಕ್ಕೆ ಹಾಕಿ ಮೇಲೆ 'ಸಿಗ್ನಲ್ ಬರುವವರೆಗೆ' ಅಂತ ಬರೆದುಕೊಂಡಿರುತ್ತೇವೆ. ಗಂಡು ಹೆಣ್ಣು ವೇದಿಕೆ ಹತ್ತುವವರೆಗೆ ಅದೇ ನಾಲ್ಕು ಬಾರ್. ಒಂದು ಸಲ ಹೆಣ್ಣಿನ ಕಡೆಯವರು ಬರುವುದು ತಡವಾಗಿ ಹನ್ನೊಂದು ನಿಮಿಷ ಅದನ್ನೇ ನುಡಿಸಿದ್ದೇವೆ.

ಮಾರಿಕುಪ್ಪಂ_ಕ್ವಾಯರ್ (ಬುಧವಾರ, ಬೆಳಿಗ್ಗೆ 8:10)

ಕೆಜಿಎಫ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪ ಗಣಿಯಲ್ಲಿದ್ದರು, ಭಾನುವಾರ ಚರ್ಚ್ ಕ್ವಾಯರ್‌ನಲ್ಲಿ ಬಾಸ್ ಹಾಡುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ಎಷ್ಟೋ ಮನೆಯವರು ಊರು ಬಿಟ್ಟರು, ಕ್ವಾಯರ್ ಮಾತ್ರ ನಿಲ್ಲಲಿಲ್ಲ. ಈಗ ಅಪ್ಪನ ಜಾಗದಲ್ಲಿ ನಾನು ನಿಲ್ಲುತ್ತೇನೆ.

ಶ್ರುತಿ ಮೇಡಂ ಜೋಡಿ ಗೆರೆ ಬಗ್ಗೆ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಕೀರ್ತನೆ ಪುಸ್ತಕಗಳಲ್ಲಿ ಪದ್ಯದ ಒಂದು ಸಾಲು ಮುಗಿದಲ್ಲಿ ಜೋಡಿ ಗೆರೆ ಹಾಕುತ್ತಾರೆ, ಕೆಲವು ಸಲ ಅದು ಬಾರಿನ ಮಧ್ಯದಲ್ಲೇ ಬರುತ್ತೆ. ಎಡಗಡೆ ಮೂರು ಪೆಟ್ಟು, ಬಲಗಡೆ ಒಂದು ಪೆಟ್ಟು, ಎರಡೂ ಸೇರಿ ಒಂದೇ ಬಾರ್. ಅಲ್ಲಿ ಹೊಸ ಎಣಿಕೆ ಶುರು ಮಾಡಬಾರದು. ಅದು ಸಾಹಿತ್ಯದ ಗೆರೆ, ಲಯದ ಗೆರೆ ಅಲ್ಲ. ಉಸಿರು ತೆಗೆದುಕೊಳ್ಳುವ ಜಾಗ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದರು.

ಕೀರ್ತನೆಗೆ ನಾಲ್ಕು ಪದ್ಯ ಇದ್ದರೂ ಸಂಗೀತ ಒಂದೇ ಸಲ ಅಚ್ಚಾಗಿರುತ್ತೆ, ಚುಕ್ಕೆ ಒಂದೂ ಇರುವುದಿಲ್ಲ. ಪದ್ಯಗಳ ಸಂಖ್ಯೆಯೇ ಅಲ್ಲಿ ರಿಪೀಟ್ ಗುರುತು. ನಿಮ್ಮ ದಾಸರ ಪದಗಳಲ್ಲೂ ಒಂದನೇ ಚರಣದ ಧಾಟಿಯಲ್ಲೇ ಉಳಿದ ಚರಣ ಹಾಡುವುದು ಇದೆಯಲ್ವಾ ಮೇಡಂ?

ಬಾರ್ ಗೆರೆ ಅಂದರೆ ಪೆಟ್ಟಿನ ಲೆಕ್ಕ ಅನ್ನುವುದು ಎಲ್ಲ ಕಡೆ ನಿಲ್ಲುವುದೂ ಇಲ್ಲ. ಆಂಗ್ಲಿಕನ್ ಚಾಂಟ್ ಅಂತ ಒಂದಿದೆ, ದಾವೀದನ ಕೀರ್ತನೆಗಳನ್ನು ಅದರಲ್ಲಿ ಹಾಡುತ್ತಾರೆ. ಒಂಟಿ ಚಾಂಟ್‌ಗೆ 7 ಬಾರ್, ಮೊದಲ ಅರ್ಧಕ್ಕೆ 3, ಎರಡನೇ ಅರ್ಧಕ್ಕೆ 4. ಜೋಡಿ ಚಾಂಟ್‌ಗೆ 14. ಆದರೆ ಪ್ರತಿ ಅರ್ಧದ ಮೊದಲ ಸ್ವರದ ಮೇಲೆ ಎಷ್ಟು ಪದ ಇದ್ದರೆ ಅಷ್ಟನ್ನೂ ಮಾತಿನ ಓಟದಲ್ಲಿ ಹೇಳಬೇಕು, ಎರಡು ಪದವಾದರೂ ಸರಿ, ಹನ್ನೆರಡಾದರೂ ಸರಿ. ಗೆರೆ ಇದೆ, ತಾಳ ಇಲ್ಲ.

ಶಿಡ್ಲಘಟ್ಟ_ಶ್ರುತಿ (ಬುಧವಾರ, ಬೆಳಿಗ್ಗೆ 9:00)

ಹೌದು ಸರ್, ಬಹಳಷ್ಟು ಪದಗಳಲ್ಲಿ ಹಾಗೆಯೇ. ಚಾಂಟ್ ಬಗ್ಗೆ ಓದಿ ಉಗಾಭೋಗ ನೆನಪಾಯಿತು. ಮುಳಬಾಗಿಲಿನ ಶ್ರೀಪಾದರಾಜರ ಮಠಕ್ಕೆ ಹೋದಾಗ ಅಲ್ಲಿ ಹಿರಿಯರೊಬ್ಬರು ತಾಳವಿಲ್ಲದೆ, ಮಾತಿನ ತೂಕ ನೋಡಿಕೊಂಡು ಉಗಾಭೋಗ ಹಾಡುವುದನ್ನು ಕೇಳಿದ್ದೆ. ಅದನ್ನು ಬರೆದುಕೊಳ್ಳಲು ಕೂತರೆ ಗೆರೆ ಎಲ್ಲಿ ಹಾಕುವುದು ಅಂತಲೇ ತಿಳಿಯಲಿಲ್ಲ.

ಕೀಬೋರ್ಡ್_ಅಮ್ಮ_ಚಿಕ್ಕಬಳ್ಳಾಪುರ (ಬುಧವಾರ, ರಾತ್ರಿ 9:20)

ಇಷ್ಟು ಓದಿದ ಮೇಲೆ ನಾನೂ ಕೇಳುತ್ತೇನೆ. ನನ್ನ ಮಗಳು ಕೀಬೋರ್ಡ್ ಗ್ರೇಡ್ ಪರೀಕ್ಷೆಗೆ ಓದುತ್ತಿದ್ದಾಳೆ, ವಯಸ್ಸು ಹನ್ನೊಂದು. ನಾನು ಸಂಗೀತ ಕಲಿತವಳಲ್ಲ, ಪಕ್ಕದಲ್ಲಿ ಕೂತು ಎಣಿಸುತ್ತೇನೆ ಅಷ್ಟೆ. 3/4 ಅಂತ ಬರೆದಿದ್ದಾರೆ. ಮೊದಲ ಬಾರಿನಲ್ಲಿ ಒಂದೇ ಪೆಟ್ಟು ಇದೆ. ಕೊನೆಯದರಲ್ಲಿ ಎರಡೇ ಇದೆ. ಅಚ್ಚಿನ ತಪ್ಪು ಅಂತ ನಾನೇ ಪೆನ್ಸಿಲ್‌ನಲ್ಲಿ ವಿರಾಮ ಚಿಹ್ನೆ ಹಾಕಿ ತುಂಬಿಸಿದ್ದೆ. ಮಗಳು ಅಳುತ್ತಾ "ಅಮ್ಮಾ ಹಾಗಲ್ಲ" ಅಂದಳು, ಆದರೆ ಯಾಕೆ ಅಂತ ಹೇಳಲು ಅವಳಿಗೂ ಬರಲಿಲ್ಲ.

ಇನ್ನೊಂದು, ಅವಳು ಒಂದು ಬಾರಿನಲ್ಲಿ ಎಫ್ ಶಾರ್ಪ್ ಕಪ್ಪು ಮನೆ ಒತ್ತುತ್ತಾಳೆ, ಮುಂದಿನ ಬಾರಿನಲ್ಲಿ ಅದೇ ಗೆರೆಯ ಸ್ವರಕ್ಕೆ ಬಿಳಿ ಮನೆ ಒತ್ತುತ್ತಾಳೆ. ಯಾವುದು ಸರಿ?

ಶಿಡ್ಲಘಟ್ಟ_ಶ್ರುತಿ (ಬುಧವಾರ, ರಾತ್ರಿ 9:55)

ಅಮ್ಮಾ, ಮಗಳು ಹೇಳಿದ್ದೇ ಸರಿ, ಪೆನ್ಸಿಲ್ ಗುರುತು ಅಳಿಸಿಬಿಡಿ. ಎಲ್ಲ ಹಾಡೂ ತಾಳದ ಮೊದಲ ಪೆಟ್ಟಿಗೇ ಶುರುವಾಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಎತ್ತುಗಡೆ ಅಥವಾ ಎಡುಪು ಅನ್ನುತ್ತೇವೆ, ತಾಳ ಹಾಕಿ ಸ್ವಲ್ಪ ಬಿಟ್ಟು ಎತ್ತಿಕೊಂಡರೆ ಅನಾಗತ, ತಾಳಕ್ಕಿಂತ ಮೊದಲೇ ಎತ್ತಿಕೊಂಡರೆ ಅತೀತ. ನಿಮ್ಮ ಮಗಳ ಹಾಡು ಅತೀತದ ಹಾಗೆ. ಬಲವಾದ ಪೆಟ್ಟು ಬರುವ ಮೊದಲೇ ಒಂದು ಸ್ವರ ಹೊರಟಿರುತ್ತೆ. ಆ ಒಂದು ಪೆಟ್ಟನ್ನು ಕೊನೆಯ ಬಾರಿನಿಂದ ಸಾಲ ತಂದಿರುತ್ತಾರೆ. ಮೊದಲ ಬಾರಿನ 1, ಕೊನೆಯ ಬಾರಿನ 2, ಸೇರಿದರೆ 3. ಮೊದಲಿನಿಂದ ರಿಪೀಟ್ ಮಾಡಿದಾಗ ಕೊನೆಯೂ ಮೊದಲೂ ಅಂಟಿಕೊಂಡು ಒಂದು ಪೂರ್ತಿ ಮನೆ ಆಗುತ್ತೆ, ಎಲ್ಲೂ ತಾಳ ನಿಲ್ಲುವುದಿಲ್ಲ. ನೀವು ವಿರಾಮ ತುಂಬಿಸಿದ್ದರಿಂದ ರಿಪೀಟ್ ಆಗುವಾಗ ಮೂರು ಪೆಟ್ಟು ಖಾಲಿ ಬಂದು ಅವಳಿಗೆ ಕಿರಿಕಿರಿ ಆಗಿದೆ. ಕಿವಿ ಚೆನ್ನಾಗಿದೆ ಮಗುವಿಗೆ.

ಬಾರ್ ನಂಬರ್ ಎಣಿಸುವಾಗ ಆ ತುಂಡು ಬಾರನ್ನು ಬಿಟ್ಟು, ಪೂರ್ತಿ ಇರುವ ಮೊದಲ ಬಾರನ್ನೇ 1 ಅಂತ ಹಿಡಿಯಬೇಕು. ಇದು ಗೊತ್ತಿಲ್ಲದೆ ಮೇಷ್ಟ್ರು "9ರಿಂದ ನುಡಿಸು" ಅಂದರೆ ಮಕ್ಕಳು 8ರಿಂದ ಶುರು ಮಾಡುತ್ತಾರೆ.

ಕ್ಲಾರಿನೆಟ್_ಕೋಲಾರ (ಬುಧವಾರ, ರಾತ್ರಿ 10:10)

ಶಾರ್ಪ್ ವಿಷಯದಲ್ಲೂ ಮಗು ಸರಿ. ನಡುವೆ ಬಂದ ಶಾರ್ಪ್ (ಸ್ವರ ಏರಿಸುವ ಗುರುತು), ಫ್ಲಾಟ್ (ಇಳಿಸುವ ಗುರುತು) ಆ ಬಾರ್ ಮುಗಿಯುವವರೆಗೆ ಮಾತ್ರ ನಡೆಯುತ್ತೆ. ಆ ಬಾರಿನ ಒಳಗೆ ಅದೇ ಜಾಗದ ಸ್ವರ ಎಷ್ಟು ಸಲ ಬಂದರೂ ಶಾರ್ಪ್, ಪ್ರತಿ ಸಲ ಗುರುತು ಹಾಕಿರುವುದಿಲ್ಲ. ಗೆರೆ ದಾಟಿದ ತಕ್ಷಣ ಅಳಿಸಿದ ಹಾಗೆ. ಟೈ ಹಾಕಿ ಗೆರೆ ದಾಟಿಸಿದ ಸ್ವರಕ್ಕೆ ಮಾತ್ರ ವಿನಾಯಿತಿ. ಆದರೆ ಹಾಳೆಯ ಮೊದಲಲ್ಲೇ, ಕ್ಲೆಫ್ (ಸಾಲಿನ ಶುರುವಿನ ದೊಡ್ಡ ಗುರುತು) ಪಕ್ಕದಲ್ಲಿ ಶಾರ್ಪ್ ಹಾಕಿದ್ದರೆ ಅದು ಇಡೀ ಹಾಡಿಗೆ. ಅದನ್ನೊಮ್ಮೆ ನೋಡಿಕೊಳ್ಳಿ.

ಪಿಟೀಲು ಅಮ್ಮನಿಗೂ ಇದು ಬೇಕು. ನಿಮಗೆ ರಾಗ ಹಿಡಿದರೆ ಪ್ರತಿ ಮಧ್ಯಮವಾ (ಏರಿಸಿದ ಮ) ಶುದ್ಧ ಮಧ್ಯಮವಾ ಅನ್ನುವುದು ಕೊನೆವರೆಗೆ ನಿಂತಿರುತ್ತೆ. ಇಲ್ಲಿ ಒಂದು ಬಾರಿನಲ್ಲಿ ಪ್ರತಿ ಮಧ್ಯಮ, ಮುಂದಿನದರಲ್ಲಿ ಶುದ್ಧ ಮಧ್ಯಮ ಆಗಿಬಿಡಬಹುದು, ಕಾವಲು ಕಾಯುವುದು ಆ ಒಂದು ಗೆರೆ.

ಪಿಟೀಲು_ತುಮಕೂರು (ಗುರುವಾರ, ರಾತ್ರಿ 10:40)

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ಎರಡು ದಿನ ಪಿಟೀಲು ಮುಟ್ಟಲಿಲ್ಲ, ಬೆರಳು ಮಾತ್ರ ನಡೆಸಿದೆ. ಮೊದಲ ದಿನ 10ರಿಂದ 13ಕ್ಕೆ ಹಾರುವಲ್ಲಿ ಪ್ರತಿ ಸಲ ನಿಂತೆ. ಕಣ್ಣು ಅಷ್ಟು ಬೇಗ ಹೋಗಲ್ಲ. ಆಮೇಲೆ 10ನೇ ಬಾರ್ ನುಡಿಸುವಾಗಲೇ ಕಣ್ಣನ್ನು 13ರ ಮೇಲೆ ಇಡುವುದು ಅಭ್ಯಾಸ ಮಾಡಿದೆ, ಆಗ ಬಂತು. 13ಕ್ಕೆ ಹಸಿರು, 23ಕ್ಕೆ ಕೆಂಪು ಪೆನ್ಸಿಲ್ ಸುತ್ತಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಇಷ್ಟೆಲ್ಲ ರಿಪೀಟ್ ಗುರುತು ಇರುವಾಗ, ನಮ್ಮ ಇನ್ನೊಂದು ಹಾಳೆ ರಾಷ್ಟ್ರಗೀತೆಯದು, ಅದರ ಕೊನೆಯಲ್ಲಿ ಮೂರು ಸಲ 'ಜಯ ಹೇ' ಬರುತ್ತಲ್ಲ, ಅಲ್ಲಿ ಯಾಕೆ ಚುಕ್ಕೆ ಹಾಕಿಲ್ಲ?

ಶಿಡ್ಲಘಟ್ಟ_ಶ್ರುತಿ (ಶುಕ್ರವಾರ, ಬೆಳಿಗ್ಗೆ 6:30)

ಹಾಡಿ ನೋಡಿ, ತಿಳಿಯುತ್ತೆ. ಪದ ಅದೇ, ಸ್ವರ ಬೇರೆ. ಒಂದೊಂದು 'ಜಯ ಹೇ'ಯೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿದು, ಕೊನೆಯ ಉದ್ದದ ಸಾಲು ಮತ್ತೆ ಮೇಲಕ್ಕೆ ಹತ್ತುತ್ತೆ. ಚುಕ್ಕೆ ಹಾಕಿದರೆ ಅದೇ ಸ್ವರಗಳು ಹಾಗೆ ಹಾಗೇ ಬರಬೇಕು. ಸಾಹಿತ್ಯ ಮರಳಿದರೆ ಸಾಲದು, ಸಂಗೀತ ಮರಳಬೇಕು. ನಮ್ಮ ಸಂಗತಿಗಳೂ ಹೀಗೆಯೇ ಅಲ್ವಾ? ಪಲ್ಲವಿಯ ಒಂದೇ ಸಾಲನ್ನು ಐದು ಸಲ ಹಾಡುತ್ತೇವೆ, ಐದೂ ಬೇರೆ. ಅದನ್ನು ಚುಕ್ಕೆ ಹಾಕಿ ಬರೆದರೆ ಸಂಗತಿಯೇ ಹೋಯಿತು. ಅದಕ್ಕೇ ನಾನು ಶಿಷ್ಯರಿಗೆ ಸಂಗತಿಗಳನ್ನು ಒಂದರ ಕೆಳಗೊಂದು ಪೂರ್ತಿ ಬರೆಸುತ್ತೇನೆ, ಕೈ ನೋಯುತ್ತೆ ಅಂದರೂ ಬಿಡುವುದಿಲ್ಲ.

ನೀವು ರಾಷ್ಟ್ರಗೀತೆ ಅಂದದ್ದಕ್ಕೆ ಇದನ್ನೂ ಹೇಳುತ್ತೇನೆ. ನಮ್ಮ ಕಡೆಯಿಂದ ಚಿಂತಾಮಣಿ ದಾಟಿ ಆಂಧ್ರದ ಗಡಿ ಹೊಕ್ಕರೆ ಮದನಪಲ್ಲಿ. 1919ರಲ್ಲಿ ಟಾಗೋರರು ಅಲ್ಲಿನ ಥಿಯೊಸಾಫಿಕಲ್ ಕಾಲೇಜಿಗೆ ಬಂದಿದ್ದಾಗ ಇದನ್ನು ಹಾಡಿ ತೋರಿಸಿದರು. ಪ್ರಿನ್ಸಿಪಾಲರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಪಾಶ್ಚಾತ್ಯ ಸಂಗೀತ ಓದಿದವರು, ಅವರು ಅದಕ್ಕೆ ಸ್ಟಾಫ್ ನೊಟೇಶನ್ ಬರೆದರು. ಟಾಗೋರರ ಬಾಯಿಂದ ಕೇಳಿ ಐದು ಗೆರೆಯ ಮೇಲೆ ಇಳಿಸುವಾಗ ಎಲ್ಲಿ ಬಾರ್ ಹಾಕಲಿ ಅಂತ ಅವರೂ ಎಷ್ಟು ಯೋಚಿಸಿರಬೇಕು. ಪ್ರತಿ ಸಲ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ನನಗೆ ಇದೇ ನೆನಪು.

ಕ್ಲಾರಿನೆಟ್_ಕೋಲಾರ (ಶುಕ್ರವಾರ, ರಾತ್ರಿ 9:15)

ಪಿಟೀಲು ಅಮ್ಮ, ಭಾನುವಾರಕ್ಕೆ ಮೊದಲು ಇದೊಂದು ನೋಡಿಕೊಳ್ಳಿ. ನಿಮ್ಮ ಹಾಳೆ ಎರಡು ಪುಟವಾ? 22ರ ಡಿ.ಎಸ್. ಎರಡನೇ ಪುಟದಲ್ಲಿದ್ದು 5ನೇ ಬಾರ್ ಮೊದಲ ಪುಟದಲ್ಲಿದ್ದರೆ, ಪುಟ ತಿರುಗಿಸುವ ಅರ್ಧ ಸೆಕೆಂಡಿನಲ್ಲಿ ಎಲ್ಲ ಮರೆತುಹೋಗುತ್ತೆ. ಜೆರಾಕ್ಸ್ ಮಾಡಿಸಿ ಎರಡೂ ಪುಟ ಅಕ್ಕಪಕ್ಕ ಅಂಟಿಸಿಕೊಳ್ಳಿ. 22ರ ಕೊನೆಗೆ ಪೆನ್ಸಿಲ್‌ನಲ್ಲಿ ದೊಡ್ಡದಾಗಿ '5ಕ್ಕೆ' ಅಂತ ಬರೆಯಿರಿ, 14ರ ಕೊನೆಗೆ 'ಎರಡನೇ ಸುತ್ತು: 23ಕ್ಕೆ' ಅಂತ.

ಪಿಟೀಲು_ತುಮಕೂರು (ಭಾನುವಾರ, ರಾತ್ರಿ 8:45)

ಈಗಷ್ಟೇ ಮನೆಗೆ ಬಂದೆ. ಅಂಟಿಸಿಕೊಂಡು ಹೋಗಿದ್ದೆ ಮೇಷ್ಟ್ರೇ. ಮೊದಲ ಸುತ್ತು ಸರಿಯಾಗಿ ಬಂತು, 10ರಿಂದ 13ಕ್ಕೆ ಎಲ್ಲರ ಜೊತೆಗೇ ಹೋದೆ. ಗೆರೆ ಗೆರೆಗೆ ಒತ್ತು ಕೊಡುವುದನ್ನೂ ಬಿಟ್ಟಿದ್ದೇನೆ, ಎರಡು ಬಾರ್ ಒಂದು ಆವರ್ತನ ಅಂತ ಕಾಲಿನ ಹೆಬ್ಬೆರಳಲ್ಲಿ ಎಣಿಸಿಕೊಳ್ಳುತ್ತಾ ನುಡಿಸಿದೆ. ಸರ್ ಏನೂ ಹೇಳಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ.

ಡಿ.ಎಸ್. ಬಂದಾಗ ನನ್ನ ಪಕ್ಕದವರು ತಡವರಿಸಿದರು, ಅವರ ಹಾಳೆಯ ಪುಟ ಇನ್ನೂ ತಿರುಗಿರಲಿಲ್ಲ. ನಾನು ನುಡಿಸುತ್ತಲೇ ಮೆಲ್ಲಗೆ "ಐದು" ಅಂದೆ, ಆಮೇಲೆ 10 ಮುಗಿಯುವ ಹೊತ್ತಿಗೆ "ಹದಿಮೂರು" ಅಂದೆ. ಕೋಡಾಗೆ ಇಬ್ಬರೂ ಒಟ್ಟಿಗೆ ಹೋದೆವು.